ಜಗತ್ತಿನ ಮೂರನೆಯ ಪಂಕ್ತಿ

ಅರವತ್ತರ ದಶಕದಲ್ಲಿ ನಾನು ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುವ ಹಂಗಾಮಿ ಶಿಕ್ಷಕಿ. ಶಿಕ್ಷಕರ ಕೋಣೆಯ ಕಪಾಟಿನಲ್ಲಿ ಎಲ್ಲರ ಚಹಾದ ಕಪ್ಪುಗಳಿದ್ದವು; ನನ್ನದು ಮಾತ್ರ ಹೊರಗೆ, ಕಿಟಕಿಯ ಕಟ್ಟೆಯ ಮೇಲೆ. ನಾನು ಯಾವ ಕೇರಿಯವಳೆಂಬುದು ಎಲ್ಲರಿಗೂ ಗೊತ್ತಿತ್ತು. ಕೇಳಿದಾಗ ಹೆಡ್‌ಮಾಸ್ತರು, "ಹಂಗಾಮಿ ಇದ್ದವರದು ಬ್ಯಾರೆ ಇರ್ತದ್ರಿ ಅಕ್ಕೋರ. ಕಾಯಂ ಆಗ್ರಿ, ತಾನ ಒಳಗ ಬರ್ತದ," ಎಂದಿದ್ದರು. ಹಂಗಾಮಿ ಡ್ರಾಯಿಂಗ್ ಮಾಸ್ತರರ ಕಪ್ಪು ಒಳಗೇ ಇತ್ತು. ಆದರೂ ನಂಬಿದೆ, ನಂಬದಿದ್ದರೆ ಆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ವರ್ಷ ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನಕ್ಕೆ ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಅವರು ಮೆಚ್ಚಿದರೆ ನಾನು ಕಾಯಂ. ಸಹಭೋಜನವೆಂದರೆ ಪ್ರಾಣ ಬಿಡುವ ಹೆಡ್‌ಮಾಸ್ತರು, ಜಗತ್ತಿನ ದೇಶಗಳೆಲ್ಲ ವೇದಿಕೆಯ ಮೇಲೆ ಕೂಡಿ ಉಣ್ಣುವ ರೂಪಕ ಮಾಡಿಸಲು ನನಗೆ ಹೇಳಿದರು. ಹುಡುಗಿಯರೇ ದೇಶಗಳು. ಹೋಳಿಗೆ ಮಾತ್ರ ಖರೇ ಹೋಳಿಗೆ.

ಅಮೆರಿಕದ ಕಡೆಯವರಿಗೊಂದು ಫಲಕ, ರಷ್ಯಾದ ಕಡೆಯವರಿಗೊಂದು. ಉಳಿದ ನಮಗೆ ಏನೆಂದು ಬರೆಯುವುದು? ನಾನು 'ಹಿಂದುಳಿದ ದೇಶಗಳು' ಎಂದು ಬರೆಸಿದ್ದೆ.

"ಭಾರತ ಆದ ಹುಡುಗಿ ಅಪ್ಪ ಜಗಳಾ ತಗೀತಾನ್ರಿ," ಎಂದರು ಹೆಡ್‌ಮಾಸ್ತರು.

'ಮುಂದುವರಿಯುತ್ತಿರುವ ದೇಶಗಳು' ಎಂದೆ.

"ಮುಂದ ಹೊಂಟವರನ್ನ ಹಿಂದ ಹೆಂಗ ಕೂಡ್ರಸೋದ್ರಿ?"

ದಿನಪತ್ರಿಕೆಯನ್ನು ಜಾಹೀರಾತಿನ ಸಮೇತ ಓದುವ ಇತಿಹಾಸದ ಮಾಸ್ತರರು 'ಅಲಿಪ್ತ ರಾಷ್ಟ್ರಗಳು' ಎಂದು ಸೂಚಿಸಿ, ಅಂದರೆ ಯಾರ ಪಕ್ಷಕ್ಕೂ ಸೇರದವರು ಎಂದು ಬಿಡಿಸಿ ಹೇಳಿದರು.

"ಹಂಗಾರ ಅವರು ಊಟಕ್ಕ ಬರೂದಿಲ್ಲೇನು?" ಎಂದರು ಹೆಡ್‌ಮಾಸ್ತರು.

ಸೋತ ಇತಿಹಾಸದ ಮಾಸ್ತರರು, ಈಗೀಗ ಇದಕ್ಕೆ ಮೂರನೆಯ ಜಗತ್ತು ಎಂದೂ ಅನ್ನುತ್ತಾರೆ ಎಂದರು. ಹೆಡ್‌ಮಾಸ್ತರರ ಮುಖ ಅರಳಿತು. "ಅಂದ್ರ ಮೂರನೇ ಪಂಕ್ತಿ. ಮದಲ ಹಿಂಗ ಹೇಳಬೇಕಿಲ್ಲೊ."

ಪಂಕ್ತಿ ಎಂದಮೇಲೆ ಪದ್ಧತಿ ಬಿಡುವಂತಿಲ್ಲ. ಒಬ್ಬರು ಉಂಡು ಎದ್ದ ಮೇಲೆಯೇ ಇನ್ನೊಬ್ಬರು. ಅಂದು ವೇದಿಕೆಯ ಮೇಲೆ ಅಮೆರಿಕ ಕೇಳಿ ಕೇಳಿ ಹಾಕಿಸಿಕೊಂಡು ಹೋಳಿಗೆ ತಿಂದಿತು. ಅದನ್ನೇ ನೋಡುತ್ತ ನಿಂತಿದ್ದ ರಷ್ಯಾ, ತನ್ನ ಸರದಿ ಬಂದಾಗ ಹಟಕ್ಕೆ ಬಿದ್ದು ಅದಕ್ಕಿಂತ ಹೆಚ್ಚು ತಿಂದಿತು. ಭಾರತ, ಈಜಿಪ್ಟ್, ಘಾನಾ ಬಾಳೆಎಲೆ ಹಿಡಿದುಕೊಂಡು ನಿಂತೇ ಇದ್ದವು. ಬುಟ್ಟಿ ಬರಿದಾಯಿತು. ಭಾರತವಾಗಿದ್ದ ಕೆಲಗೇರಿಯ ಹುಡುಗಿ ವೇದಿಕೆಯ ಅಂಚಿಗೆ ಬಂದು ಸಾಹೇಬರನ್ನೇ ಕೇಳಿದಳು: "ನಮ್ಮ ಪಂಕ್ತಿ ಯಾವಾಗ್ರಿ?"

ಆ ಮಾತು ನಾನು ಬರೆದುಕೊಟ್ಟದ್ದಲ್ಲ. ಸಾಹೇಬರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಸಭೆಯೆಲ್ಲ ತಟ್ಟಿತು. "ಮಾತು ಭಾಳ ಛಲೋ ಬರದೀರಿ, ಅಕ್ಕೋರ," ಎಂದು ಸಾಹೇಬರು ಆಮೇಲೆ ಪರದೆಯ ಹಿಂದೆ ಬಂದು ನನ್ನನ್ನು ಹೊಗಳಿದರು. ಅಳುತ್ತಿದ್ದ ಮೂರನೆಯ ಜಗತ್ತಿಗೆ ನಾನು ಆಗ ಚುರುಮುರಿ ಹಂಚುತ್ತಿದ್ದೆ.

ಕಾಯಂ ಆದೆ. ಶಿಕ್ಷಕರ ಕೋಣೆಯಲ್ಲಿ ಹೆಡ್‌ಮಾಸ್ತರು ನನ್ನನ್ನು 'ಕಾಯಂ ಅಕ್ಕೋರು' ಎಂದು ಕರೆದು, ಪೇಢೆಯನ್ನು ಮೇಲಿನಿಂದ ನನ್ನ ಅಂಗೈಗೆ ಬೀಳಿಸಿದರು. ಕಪ್ಪು ಕಿಟಕಿಯ ಕಟ್ಟೆಯ ಮೇಲೇ ಇತ್ತು. ಸಿಟ್ಟು ನೆತ್ತಿಗೇರಿತು.

"ನಮ್ಮ ಪಂಕ್ತಿ ಯಾವಾಗ್ರಿ, ಸರ?" ಎಂದೆ.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನೇ ಕಪ್ಪನ್ನು ಎತ್ತಿ ಕಪಾಟಿನೊಳಗೆ, ಹೆಡ್‌ಮಾಸ್ತರರ ಕಪ್ಪಿನ ಪಕ್ಕದಲ್ಲಿಟ್ಟೆ.