ಉಸಿರಿನ ಚೀಲ

ಅರಿವಳಿಕೆ ಕೊಡುವುದನ್ನು ಆರು ತಿಂಗಳು ಕಲಿತು ಬಂದ ನನಗೆ, ಎಂಬತ್ತರ ದಶಕದಲ್ಲಿ, ನವಲಗುಂದದ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ಡಾಕ್ಟರ ಕೆಲಸ. ಅಲ್ಲಿ ಉಸಿರಾಟದ ಯಂತ್ರ ಇರಲಿಲ್ಲ. ರೋಗಿಯ ಗಂಟಲಿಗೆ ನಳಿಕೆ ಇಳಿಸಿದರೆ ಅದರ ತುದಿಗೆ ರಬ್ಬರಿನ ಚೀಲ ಸಿಕ್ಕಿಸಿ ಯಾರಾದರೂ ಹಗಲೂ ರಾತ್ರಿ ಒತ್ತುತ್ತಿರಬೇಕು. ಯಾರಾದರೂ ಎಂದರೆ ಮನೆಯವರೇ. ಅಂಥ ರೋಗಿಯನ್ನು ಮಲಗಿಸುವ ಕೋಣೆಗೆ ನಾನು ‘ತೀವ್ರ ನಿಗಾ ಘಟಕ’ ಎಂದು ಬೋರ್ಡು ಬರೆಸಿದ್ದೆ. ಜಂಬಕ್ಕೇನೂ ಕಡಿಮೆಯಿರಲಿಲ್ಲ.

ಯಮನೂರಿನ ಬಾಜೂ ಹಳ್ಳಿಯ ಒಬ್ಬ ತರುಣನನ್ನು ತಂದರು. ಹತ್ತಿಗೆ ಹುಳದ ಎಣ್ಣೆ ಹೊಡೆಯುತ್ತ ಇಡೀ ದಿನ ಗಾಳಿಗೆ ಎದುರಾಗಿ ನಿಂತಿದ್ದನಂತೆ. ವಿಷ ಉಸಿರಾಟದ ಸ್ನಾಯುಗಳನ್ನೇ ಹಿಡಿದಿತ್ತು. ಹುಬ್ಬಳ್ಳಿಗೆ ಕಳಿಸಿದರೆ ದಾರಿಯಲ್ಲೇ ಹೋಗುತ್ತಾನೆಂದು ಹೆದರಿ ನಾನೇ ನಳಿಕೆ ಇಳಿಸಿ ಚೀಲವನ್ನು ಅವನ ಹೆಂಡತಿಯ ಕೈಗೆ ಕೊಟ್ಟೆ. ತೊಟ್ಟಿಲು ತೂಗುವಷ್ಟೇ ನಿಧಾನವಾಗಿ ಒತ್ತು ಎಂದೆ. ಇಪ್ಪತ್ತು ದಾಟದ ಹುಡುಗಿ. ಗಂಡನ ಎದೆಯ ಮೇಲಿನಿಂದ ಕಣ್ಣು ಕೀಳದೆ ಒತ್ತಿದಳು. ಅತ್ತೆ, ಗಂಡನ ಕಾಕಾ ಸರದಿಗೆ ಕೂತರೂ ಅವಳ ಕೈಹದ ಯಾರಿಗೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವನು ನನ್ನ ಬೆರಳನ್ನು ಹಿಡಿದು ಅದುಮಿದ. ಬದುಕುತ್ತಾನೆ ಎಂದು ಎಲ್ಲರಿಗೂ ಹೇಳಿಬಿಟ್ಟೆ.

ಅದೇ ದಿನ ಅವಳು ಮುಟ್ಟಾದಳು. ಬಟ್ಟೆ ಕೇಳಿದಳೆಂದು ನರ್ಸಬಾಯಿ ನನ್ನ ಕಿವಿಗೆ ಹಾಕಿದಳು. ನಮ್ಮ ಮನೆಯಲ್ಲಿ ಆ ಮೂರು ದಿನ ಹೆಂಗಸರಿಗೆ ಹಿತ್ತಲ ಕೋಣೆ; ನನ್ನ ಹೆಂಡತಿ ಬಿ.ಎಸ್ಸಿ. ಓದಿದವಳು, ಅವಳಿಗೂ ಅದೇ ಚಾಪೆ, ಅದೇ ತಂಬಿಗೆ. ಯೋಚಿಸಲೂ ಇಲ್ಲ. ಆ ಹುಡುಗಿಯನ್ನು ಹೊರಗೆ ಪಡಸಾಲೆಯಲ್ಲಿ ಕೂಡಿಸಿ, ಚೀಲ ಕಾಕಾನ ಕೈಗೆ ಕೊಡಿ ಎಂದೆ.

ಅತ್ತೆ ಒಪ್ಪಲಿಲ್ಲ. “ಲಿಂಗ ಕಟ್ಟಿದವರಿಗೆ ಅದರ ಸೂತಕ ಇಲ್ರಿ ಸಾಹೇಬ್ರ. ನಮ್ಮ ಮನ್ಯಾಗ ಆಕಿ ಆ ಮೂರು ದಿನಾನೂ ರೊಟ್ಟಿ ಬಡಿತಾಳ್ರಿ.”

“ಇದು ದವಾಖಾನಿ, ನಿಮ್ಮ ಅಡಗಿಮನಿ ಅಲ್ಲ,” ಎಂದೆ. ಸೋಂಕು, ಶುಚಿ ಎಂದು ಇನ್ನೂ ಏನೇನೋ ಸೇರಿಸಿದೆ. ಹೊಲದ ಮಣ್ಣು ಮೆತ್ತಿದ ಕಾಕಾನ ಕೈ ಅಲ್ಲೇ ಕಣ್ಣೆದುರಿಗಿತ್ತು. ಅದನ್ನು ತೊಳೆದುಕೋ ಎನ್ನಲೂ ತೋಚಲಿಲ್ಲ. ನನ್ನ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮಧ್ಯಾಹ್ನ ನಾನು ಹಿಂದಿನ ಕ್ವಾರ್ಟರ್ಸಿನಲ್ಲಿ ಊಟಕ್ಕೆ ಕೂತಿದ್ದೆ. ಯಾರೋ ಕರೆದಂತಾಯಿತು. ನೋಡಿದರೆ ಆ ಹುಡುಗಿ ಗೇಟಿನಾಚೆ ನಿಂತಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಎಂಜಲು ಕೈಯಲ್ಲೇ ಓಡಿದೆ.

ಚೀಲ ನಳಿಕೆಯಿಂದ ಕಳಚಿತ್ತು. ಕಾಕಾ ನೋಡಲು ಬಂದವರ ಕಡೆ ಮುಖ ಮಾಡಿ ಮಾತಾಡುತ್ತ ಗಾಳಿಗೆ ಗಾಳಿ ಒತ್ತುತ್ತ ಕೂತಿದ್ದ. ತರುಣನ ಮುಖ ಕಪ್ಪಿಟ್ಟಿತ್ತು. ಚೀಲ ಮತ್ತೆ ಸಿಕ್ಕಿಸಿ ಉಸಿರು ಕೊಡುತ್ತ ಅರ್ಧ ಗಂಟೆ ಎದೆ ಒತ್ತಿದೆ. ಏನೂ ಉಪಯೋಗವಾಗಲಿಲ್ಲ.

ಅವಳು ಕಿಟಕಿಯಿಂದ ನೋಡಿ ಮೊದಲು ಕಾಕಾನಿಗೇ ಹೇಳಿದ್ದಳಂತೆ. ಸಾಹೇಬರು ನನಗೆ ಒಪ್ಪಿಸಿದ್ದಾರೆ, ನೀನು ಸುಮ್ಮನೆ ಕೂಡು ಎಂದನಂತೆ ಅವನು. ಆಮೇಲೆ ನನ್ನ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದಿದ್ದಳು. ಬಾಗಿಲಿನಿಂದ ಮಂಚಕ್ಕೆ ನಾಲ್ಕು ಹೆಜ್ಜೆ. ಯಾಕೆ ಒಳಗೆ ಹೋಗಿ ಸಿಕ್ಕಿಸಲಿಲ್ಲ ಎಂದು ನಾನು ಅವಳ ಮೇಲೇ ರೇಗಿದೆ.

ಅವಳು ಅಳಲಿಲ್ಲ. “ಎದಿ ಏಳಲಾರದ್ದು ನಾ ನೋಡಿದ್ನಿರಿ. ನೀವು ಒಳಗ ಬರಬ್ಯಾಡ ಅಂದಿದ್ರೆಲ್ರಿ,” ಎಂದಳು.

ಕೈ ತೊಳೆದುಕೊಂಡು ಬಂದು ಮರಣ ಪ್ರಮಾಣಪತ್ರ ಬರೆಯಲು ಕೂತೆ. ಕಾರಣದ ಜಾಗದಲ್ಲಿ ಕೀಟನಾಶಕದ ವಿಷ ಎಂದು ಬರೆದು ಸಹಿ ಹಾಕಿದೆ.