ಎಡಗೈಯಲ್ಲಿ ಬಡಿದ ರೊಟ್ಟಿ

ನನ್ನ ಗೈಡನ್ನು ನಾನಿನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ಹೈದರಾಬಾದಿನಲ್ಲಿ ಚಿತ್ರಕಲೆಯ ಸ್ನಾತಕೋತ್ತರ ಪದವಿಗೆ ಸೇರಿದಾಗ ನಾನು ಆರಿಸಿಕೊಂಡದ್ದು ಮುದ್ರಣ ವಿಭಾಗ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಚಿತ್ರ ಗೀರಿ, ಆಸಿಡ್‌ನಲ್ಲಿ ಅದ್ದಿ, ಗೀರುಗಳಿಗೆ ಮಸಿ ತುಂಬಿ ಕಾಗದಕ್ಕೆ ಒತ್ತುವ ಕೆಲಸ. ತಗಡಿನಲ್ಲಿ ಬಲಕ್ಕಿದ್ದದ್ದು ಕಾಗದದಲ್ಲಿ ಎಡಕ್ಕೆ ಬೀಳುತ್ತದೆ. ಹಾಗಾಗಿ ಚಿತ್ರವನ್ನು ಮೊದಲೇ ತಿರುಗಿಸಿಕೊಂಡು ಗೀರಬೇಕು. ಇದು ಶುರುವಿನಲ್ಲೇ ಕಲಿಸುವ ಪಾಠ. ನಮ್ಮ ಗೈಡ್ ಕ್ಯಾನ್ವಾಸಿಗೆ ಬಣ್ಣ ಹಚ್ಚಿ ಹೆಸರು ಮಾಡಿದವರು. ಮುದ್ರಣದ ಮೇಷ್ಟ್ರು ನಿವೃತ್ತರಾದ ಮೇಲೆ ನಮ್ಮ ಪಾಲಿಗೆ ಬಂದರು, ಆ ಪಾಠ ಅವರಿಗೆ ಯಾರೂ ಮಾಡಿರಲಿಲ್ಲ.

ನಾನು ಹಿಡಿದದ್ದು ಅವ್ವನ ಚಿತ್ರ. ಸಿಕಂದರಾಬಾದಿನ ನಮ್ಮ ಅಡುಗೆಮನೆಯಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಿರುವ ಅವ್ವ. ಚಳಿಗಾಲವಿಡೀ ಅದರ ಹಿಂದೆ ಬಿದ್ದಿದ್ದೆ.

"ದಿನಾ ನನ್ನ ಮಾರಿ ಏನ್ ನೋಡ್ತಿ? ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕತ್ತೈತಿ, ತಿರುವಿ ಹಾಕು" ಎಂದು ಬೈಯುತ್ತಿದ್ದಳು.

ಕೊನೆಗೂ ಬಡಿಯುವ ಅಂಗೈ, ಹಿಟ್ಟು ಮೆತ್ತಿದ ಬಳೆ ಸರಿಯಾಗಿ ಬಂದವು. ಪದವಿ ಪ್ರದರ್ಶನಕ್ಕೆ ಅದೇ ನನ್ನ ಮುಖ್ಯ ಚಿತ್ರ. ಅದಿಲ್ಲದಿದ್ದರೆ ಪಾಸಾಗುವ ಮಾತೇ ಇರಲಿಲ್ಲ. ಗೈಡ್ ಒಂದು ಪ್ರತಿಯನ್ನು, ನೋಡಿ ಹೇಳುತ್ತೇನೆಂದು ಮನೆಗೆ ಒಯ್ದರು.

ಕೆಲವು ವಾರಗಳ ನಂತರ ಅವರ ಮೇಜಿನ ಮೇಲೆ ಹೊಸ ತಗಡು ಕಂಡಿತು. ಅದರಲ್ಲಿ ನನ್ನ ಅವ್ವ!

"ಇದು ನನ್ನ ಹೊಸ ಕೆಲಸ," ಎಂದರು ಹಿಂದಿಯಲ್ಲಿ, ಸ್ವಲ್ಪವೂ ನಾಚಿಕೆಯಿಲ್ಲದೆ. "ನಿನ್ನದನ್ನು ಪ್ರದರ್ಶನದಿಂದ ತೆಗೆದುಬಿಡು. ಜನ ನೀನೇ ಕದ್ದೆ ಅಂತಾರೆ."

ಬಾಯಿ ತೆರೆಯಬೇಕೆನ್ನುವಾಗ ಗಮನಿಸಿದೆ. ಮಹಾಶಯರು ನನ್ನ ಪ್ರತಿಯನ್ನು ಇದ್ದಂತೆಯೇ ತಗಡಿಗಿಳಿಸಿದ್ದರು. ತಗಡಿನಲ್ಲಿ ಅವ್ವ ಬಲಗೈಯಲ್ಲಿ ಬಡಿಯುತ್ತಿದ್ದಳು. ಅಂದರೆ ಕಾಗದದಲ್ಲಿ ಎಡಗೈ! ಉತ್ತರ ಕರ್ನಾಟಕದ ನಮ್ಮ ಕಡೆಯಾಗಲಿ ತೆಲಂಗಾಣದಲ್ಲಾಗಲಿ, ಎಡಗೈಯಲ್ಲಿ ರೊಟ್ಟಿ ಬಡಿದರೆ ಮನೆಯ ಹಿರಿಯರು ಸುಮ್ಮನೆ ಬಿಡುವುದುಂಟೇ? ಇವರು ತಟ್ಟೆಗೆ ಬಂದು ಬಿದ್ದ ರೊಟ್ಟಿಯನ್ನಷ್ಟೇ ಕಂಡವರು. "ಆಯ್ತು ಸರ್" ಎಂದು ತಲೆಯಾಡಿಸಿ ಬಂದೆ.

ನಮ್ಮ ಪ್ರದರ್ಶನಕ್ಕೂ ಮೊದಲು ಅವರದು ನಡೆಯಿತು. ಗೋಡೆಯ ನಡುವೆ ಅದೇ ಚಿತ್ರ, ಕೆಳಗೆ 'ಅಮ್ಮ' ಎಂಬ ಹೆಸರು. ಮುಂದಿನ ಕುರ್ಚಿಯಲ್ಲಿ ರೇಷ್ಮೆ ಸೀರೆಯುಟ್ಟು ಅವರ ಹೆತ್ತ ತಾಯಿ ಕೂತಿದ್ದರು. ನಮ್ಮ ಪರೀಕ್ಷೆಗೆ ಬರಲಿದ್ದ ಹಿರಿಯ ಕಲಾವಿದೆಯೂ ಅಲ್ಲಿದ್ದರು. ಪ್ರಶ್ನೆ ಕೇಳಿ ಎಂದು ಮೈಕು ಕೊಟ್ಟಾಗ ನಾನು ಎದ್ದೆ. ಆ ತಾಯಿಗೂ ತಿಳಿಯಲಿ ಎಂದು ತೆಲುಗಿನಲ್ಲೇ ಕೇಳಿದೆ.

"ಸರ್, ನಿಮ್ಮ ಅಮ್ಮ ಎಡಗೈಯಲ್ಲಿ ರೊಟ್ಟಿ ಬಡಿಯುತ್ತಾರಾ?"

ಗೈಡ್ ತಿರುಗಿ ಚಿತ್ರ ನೋಡಿದರು. ನನಗನ್ನಿಸುತ್ತದೆ, ಅದನ್ನು ಸರಿಯಾಗಿ ನೋಡಿದ್ದು ಆಗಲೇ. ತಪ್ಪಾಯಿತು ಎಂದರೆ ತಗಡಿನ ಕೆಲಸ ಬಾರದೆಂದು ಒಪ್ಪಿದಂತೆ. ಬೆವರು ಒರೆಸಿಕೊಂಡು, "ಹೌದು, ನಮ್ಮಮ್ಮ ಎಡಚಿ" ಎಂದರು.

ಮುಂದಿನ ಕುರ್ಚಿಯಿಂದ ಬಲಗೈಯೊಂದು ಮೇಲೆದ್ದಿತು. "ನಾನೆಲ್ಲಿ ಎಡಚಿಯೋ? ಈ ಕೈಯಲ್ಲಲ್ಲವೇನೋ ನಿನಗೆ ತುತ್ತಿಟ್ಟದ್ದು?"

ಹಿರಿಯ ಕಲಾವಿದೆ ಚಿತ್ರದ ಹತ್ತಿರ ಹೋಗಿ ಬಹಳ ಹೊತ್ತು ನಿಂತರು.

ನನ್ನ ಚಿತ್ರ ಪದವಿ ಪ್ರದರ್ಶನದಲ್ಲಿ ತನ್ನ ಜಾಗದಲ್ಲೇ ಇತ್ತು. ತೆಗೆ ಎನ್ನಲು ಯಾರೂ ಬರಲಿಲ್ಲ. ಅದರಲ್ಲಿ ಬಲಗೈ ಕಂಡ ಆ ಹಿರಿಯ ಕಲಾವಿದೆಗೆ ಯಾರದು ನಕಲೆಂದು ಹೇಳಬೇಕಾಗಲಿಲ್ಲ, ನಾನು ಪಾಸಾದೆ. ಆ ತಾಯಿ ಕೈ ಎತ್ತಿದ್ದು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ. ಆದರೆ ಆಗ ಮಗನ ಮುಖ ಹೇಗಿತ್ತೆಂಬುದು ನೆನಪಾದರೆ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತೇನೆ.