ಕೂಡೂದಿಲ್ಲ ಅನ್ನೂ ಮಾತು

ಸಾವಂತ್ರವ್ವನನ್ನು ನಾನು ಮೊದಲು ಕಂಡದ್ದು ಒಂದು ಮಂಗಳವಾರ, ಬೆಳಗಾವಿಯ ದವಾಖಾನಿಯಲ್ಲಿ. ಅನಗೋಳದಿಂದ ನಾನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗತೇನಿ. ಅವತ್ತು ಬಾಜು ಹಾಸಿಗಿಗೆ ಆಕಿ ಮಗಳು ತ್ರಿವೇಣಿ ಬಂದಿದ್ದಳು, ಇಪ್ಪತ್ತಾರು ವರ್ಷದಾಕಿ. ನಂದಗಡದಿಂದ ತಂದ ರೊಟ್ಟಿಗಂಟು ತೊಡಿಯ ಮ್ಯಾಲ ಇಟ್ಟುಕೊಂಡು ಸಾವಂತ್ರವ್ವ ನನ್ನ ಮುಂದ ಒಂದು ಚೀಟಿ ಹಿಡಿದಳು.

“ಅಕ್ಕಾರ, ಇದ್ರಾಗ ಏನ್ ಬರದಾರ ನೋಡ್ರಿ.”

ನಾನು ಎರಡನೇ ಇಯತ್ತೆ ಕಲಿತಾಕಿ. ಇಂಗ್ಲಿಷ್ ಅಕ್ಷರ ಬರೂದಿಲ್ಲ, ಅಂಕಿ ಬರತಾವ. ಸಿಸ್ಟರನ್ನು ಕೇಳಿ ಹೇಳಿದೆ. ತಾಯಿಯ ರಕ್ತ ಎ ಗುಂಪು, ಮಗಳದು ಬಿ. ಅಪ್ಪನ ಗುಂಪು ಮಗಳಿಗೆ ಬಂದಿತ್ತು. ಆ ಅಪ್ಪ ತೀರಿಕೊಂಡು ಆರು ವರ್ಷ.

ಡಾಕ್ಟರು ಬಂದು, “ನಿಮ್ಮ ರಕ್ತ ಮಗಳಿಗೆ ಕೂಡೂದಿಲ್ಲ. ಆದರೂ ನಿಮ್ಮ ಕಿಡ್ನಿ ಹಾಕಬಹುದು” ಅಂದರು. ಮಗಳ ರಕ್ತದಲ್ಲಿ ಎ ಗುಂಪಿನ ಮ್ಯಾಲ ಹಗೆತನ ಇರತದಂತ. ಔಷಧ ಕೊಟ್ಟು, ಮಷಿನ್ನಿಗೆ ಹಚ್ಚಿ, ಆ ಹಗೆತನದ ಅಂಕಿಯನ್ನು ನೂರಾ ಇಪ್ಪತ್ತೆಂಟರಿಂದ ಎಂಟಕ್ಕೆ ಇಳಿಸಬೇಕು.

ಸಾವಂತ್ರವ್ವ ಮಾಡಿದ ತಪ್ಪು ಒಂದ. ಖಾನಾಪುರದ ಬೀಗತಿ ಕಾಡವ್ವಗ ಫೋನಿನಲ್ಲಿ ಅರ್ಧಾ ಮಾತಷ್ಟೇ ಹೇಳಿದಳು: “ನನ್ನ ರಕ್ತ ಆಕಿಗೆ ಕೂಡೂದಿಲ್ಲಂತ್ರಿ.”

ಶುಕ್ರವಾರ ಕಾಡವ್ವ ಬಂದು ಕುಂತಳು. ಅವತ್ತೂ ನನ್ನ ಪಾಳಿ ಇತ್ತು.

“ಲಗ್ನದಾಗ ಎಲ್ಲಾ ಕೂಡೇತಿ ಅಂದ್ರಿ. ಈಗ ಹಡದಾಕಿ ರಕ್ತನ ಕೂಡವಲ್ದು. ಯಾರ ಮಗಳನ್ನ ನಮಗ ಕೊಟ್ರಿ?”

“ನಾನ ಹಡದೇನ್ರಿ. ಹನ್ನೊಂದು ತಾಸು ಬ್ಯಾನಿ ತಿಂದೇನಿ.”

ನಾನು ನಡುವ ಬಾಯಿ ಹಾಕಿದೆ. “ಅಪ್ಪನ ಗುಂಪು ಬಂದೈತ್ರಿ ಆಕಿಗೆ.”

“ಸತ್ತವರು ಬಂದು ಸಾಕ್ಷಿ ಹೇಳತಾರೇನ್ರಿ? ಮೊದಲ ನಿಮ್ಮ ಕಿಡ್ನಿ ಆಕಿಗೆ ಹಿಡೀಲಿ ಸಾವಂತ್ರವ್ವ. ಆಮ್ಯಾಲ ಸೊಸಿನ್ನ ಕರಕೊಂಡ ಹೋಗ್ತೇವಿ.”

ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದ ತ್ರಿವೇಣಿ ತಿರುಗಲಿಲ್ಲ.

ಅಲ್ಲಿಂದ ಸಾವಂತ್ರವ್ವ ನಾನು ಹೋದಾಗೊಮ್ಮೆ ಚೀಟಿ ತರುತ್ತಿದ್ದಳು. “ಎಷ್ಟ ಐತ್ರಿ?” ಅರವತ್ನಾಲ್ಕು. ಮೂವತ್ತೆರಡು. ಒಂದು ಸಲ ತಿರುಗಿ ಅರವತ್ನಾಲ್ಕು ಆತು, ಅವತ್ತು ಆಕಿ ರೊಟ್ಟಿಗಂಟು ಬಿಚ್ಚಲಿಲ್ಲ. ಮೂರು ವಾರಕ್ಕೆ ಎಂಟು ಬಂತು. ಆಪರೇಷನ್ ಮಾಡಿದರು.

ಹನ್ನೊಂದು ದಿನ ಛಲೋ ಇತ್ತು. ಹನ್ನೆರಡನೇ ದಿನ ತ್ರಿವೇಣಿಗೆ ಮೂತ್ರ ಕಡಿಮಿ ಆತು. ಮತ್ತ ಔಷಧ ಕೊಟ್ಟರು, ಮತ್ತ ಮಷಿನ್ನಿಗೆ ಹಚ್ಚಿದರು. ಎರಡು ತಿಂಗಳ ಮ್ಯಾಲ, ಒಂದು ಶುಕ್ರವಾರ, ಹುಡುಗಿ ತಿರುಗಿ ನನ್ನ ಬಾಜು ಹಾಸಿಗಿಗೆ ಬಂದಳು. ಅವ್ವನ ಕಿಡ್ನಿ ಹಿಡಿದಿರಲಿಲ್ಲ. ಆ ಹಾಸಿಗಿಗೆ ಬಂದ ಮ್ಯಾಲ ಕೇಳೂದು ಏನೈತಿ.

ನಂದಗಡಕ್ಕ ಹತ್ತಿರ ಅಂತ ಮುಂದಿನ ವಾರದಿಂದ ತ್ರಿವೇಣಿಗೆ ಖಾನಾಪುರದಲ್ಲೇ ಡಯಾಲಿಸಿಸ್ ಅಂತ ಆತು. ಹೊರಡುವಾಗ ಸಾವಂತ್ರವ್ವ ಕಿಡ್ನಿ ತಗದು ಹೊಲಿಗಿ ಹಾಕಿದ ಪಕ್ಕೆಯನ್ನು ಎಡಗೈಯಿಂದ ಒತ್ತಿಕೊಂಡು, ಎರಡು ರೊಟ್ಟಿ ನನ್ನ ಚೀಲದಲ್ಲಿಟ್ಟಳು. ಆಕಿ ಫೋನ್ ರಿಂಗಾತು. ಕಾಡವ್ವ. ಎತ್ತಲಿಲ್ಲ. ರಿಂಗಾಗಿ ರಿಂಗಾಗಿ ಅದು ನಿಂತ ಮ್ಯಾಲ ನನ್ನನ್ನು ಕೇಳಿದಳು:

“ಅಕ್ಕಾರ, ಕೂಡಲಿಲ್ಲ ಅನ್ನೂದಕ್ಕ ಬ್ಯಾರೆ ಮಾತು ಯಾವುದಾರ ಐತೇನ್ರಿ?”